ಮೂರೇ ಗೇಣು

ಬೇತ್ರಿ ಸೇತುವೆ ದಾಟಿದರೆ ಎಡಕ್ಕೆ ನನ್ನ ಟೈಲರ್ ಅಂಗಡಿ.
ಆವತ್ತು ಕರೆಂಟು ಹೋಯಿತು, ಮಷೀನು ನಿಂತಿತು,
ಸದ್ದು ನಿಂತ ಮೇಲೆ ಹೊಳೆ ಕೇಳಿಸಿತು.
ಕೇಳಿಸಿದ್ದೇ ತಡ, ರವಿಕೆಗೆ ಗುಂಡಿ ಹಾಕಿಸಲು ಬಂದ ಪೊನ್ನವ್ವ
ಬೆಂಚಿನ ಮೇಲೆ ಕೂತಲ್ಲೇ ಗುನುಗಿದರು:

    ಈಜೇ ಚೀಯವ್ವ ಈಜೇ
    ದಡ ಇನ್ನು ಮೂರೇ ಗೇಣು

ಅಷ್ಟೇ. ಬೆಂಚಿನ ಮೇಲಿದ್ದವರೆಲ್ಲ
ಒಮ್ಮೆಗೇ ಒದ್ದೆಯಾದರು.

ಅಂಚೆಯ ಬೆಳ್ಯಪ್ಪ ಚೀಲ ಕೆಳಗಿಟ್ಟ.
ಅವನಿಗೆ ಈಜು ಕಲಿಸಿದ್ದು ಮಾವನಲ್ಲ, ಈ ಹಾಡು.
ಮಾವ ದಡದ ಕಲ್ಲಿನ ಮೇಲೆ ಬೀಡಿ ಹಚ್ಚಿ ಕೂತು
'ಸಾಲು ಮುಗಿಯುವಲ್ಲಿ ಉಸಿರು ತಗೊ' ಎಂದಿದ್ದನಂತೆ.
ಈಜೇ ಎನ್ನುವಾಗ ತಲೆ ಒಳಗೆ,
ಗೇಣು ಎನ್ನುವಾಗ ಮೂಗು ಹೊರಗೆ.
ಈಗಲೂ ಉಬ್ಬಸ ಬಂದ ರಾತ್ರಿ
ಹಾಸಿಗೆಯ ಮೇಲೆ ಎದ್ದು ಕೂತು ಅದನ್ನೇ ಹಾಡುತ್ತಾನೆ,
ಹೆಂಡತಿ ಬೆನ್ನು ನೀವುತ್ತ ತಾಳ ತಪ್ಪಿಸುತ್ತಾಳೆ.

ಮೀನಿನ ಮಮ್ಮದೆ ನಕ್ಕ.
ಸೇತುವೆ ಮುಳುಗಿದ ಮಳೆಗಾಲಗಳಲ್ಲಿ
ಅವನ ಉಪ್ಪಾಪ್ಪ ತೆಪ್ಪ ಹಾಕುತ್ತಿದ್ದನಂತೆ.
'ಹೊಳೆ ಎಷ್ಟಗಲ?' ಎಂದರೆ ಮಾರು, ಗಜ ಎನ್ನುತ್ತಿರಲಿಲ್ಲ:
ಬೇಸಿಗೆಗೆ ನಾಲ್ಕು ನುಡಿ, ಕಕ್ಕಡಕ್ಕೆ ಹದಿನಾರು.
ಹದಿನೇಳನೆಯದು ಎತ್ತಿಕೊಂಡನೆಂದರೆ
ದಡ ತಪ್ಪಿತು ಅಂತ.
ಕೂಲಿ ವಾಪಸು.

ಪೊನ್ನವ್ವ ಸುಮ್ಮನಿರಲಿಲ್ಲ.
ಮೊದಲ ಹೆರಿಗೆ, ಕೆಸರಲ್ಲಿ ಹೂತ ಜೀಪು.
ಮೊಣಕಾಲು ಒತ್ತಿ ಹಿಡಿದ ಸೂಲಗಿತ್ತಿ
ಕೋಳಿ ಕೂಗುವವರೆಗೂ ಮೂರೇ ಗೇಣು, ಮೂರೇ ಗೇಣು!
'ಸುಳ್ಳೀ, ನಿನ್ನ ಗೇಣಿಗೆ ಬೆಂಕಿ ಬೀಳ' ಎಂದು ಕಿರುಚಿದೆ, ಎಂದರು.
ಮಗು ಅತ್ತ ಮೇಲೆ ಅವಳು ನಿಧಾನಕ್ಕೆ ಕೈ ಒರೆಸಿಕೊಂಡು
ಅಳೆದು ನೋಡಿದಳಂತೆ:
ಎರಡು ಗೇಣು, ಮೇಲೆ ನಾಲ್ಕು ಬೆರಳು.

ಆಮೇಲೆ ಜಗಳ. ಚೀಯವ್ವ ದಡ ಮುಟ್ಟಿದಳೋ ಇಲ್ಲವೋ?
ಮುಟ್ಟಿದಳು, ಆಚೆ ಮದುವೆ ಗಂಡು ಕಾಯುತ್ತಿದ್ದ, ಎಂದರು ಪೊನ್ನವ್ವ.
ಎಲ್ಲಿಯ ಗಂಡು, ಅವಳು ಮೀನಾದಳು, ಎಂದ ಮಮ್ಮದೆ,
ವ್ಯಾಪಾರದ ಮನುಷ್ಯ.
ಬೆಳ್ಯಪ್ಪನ ಮಾವ ಅಲ್ಲಿಯವರೆಗೆ ಹಾಡಿದ್ದೇ ಇಲ್ಲ.
ಬೀಡಿ ಮುಗಿಯುತ್ತಿತ್ತು.

ಬಾಗಿಲ ಹೊರಗೆ, ಚಪ್ಪಲಿಗಳ ಪಕ್ಕ,
ಮೊಮ್ಮಗಳ ಯೂನಿಫಾರ್ಮಿಗಾಗಿ ಕೂತಿದ್ದಳು ಯರವರ ಚೋಮಿ.
ಬೆಂಚಿನಲ್ಲಿ ಜಾಗವಿತ್ತು. ನಾನು ಕರೆದಿರಲಿಲ್ಲ.
'ಗದ್ದೆಯಲ್ಲಿ ನಾವೂ ಹಾಡುತ್ತಿದ್ದೆವು' ಎಂದಳು,
ಯಾರನ್ನೂ ನೋಡದೆ.
'ನಾಟಿಯ ಸಾಲು ಬದು ಮುಟ್ಟುವವರೆಗೆ.
ನಮ್ಮ ಚೀಯವ್ವನಿಗೆ ಗಂಡು ಗಿಂಡು ಇಲ್ಲ.
ಅಪ್ಪನ ಸಾಲಕ್ಕೆ ಈಚೆ ದಡದಲ್ಲಿ ಜೀತ.
ಒಂದು ರಾತ್ರಿ ನೀರಿಗಿಳಿದಳು.'

'ಮುಟ್ಟಿದಳಾ?' ಬೆಳ್ಯಪ್ಪ.

'ಕೊನೆ ನುಡಿ ಬರುವ ಹೊತ್ತಿಗೆ ಧಣಿ
ಕೊಡೆ ಹಿಡಿದು ಬದುವಿನ ಮೇಲೆ ನಿಂತಿರುತ್ತಿದ್ದ.
ಬಾಯಿ ಮುಚ್ಚಿಕೊಂಡೇ ಹಾಡುತ್ತಿದ್ದೆವು.
ರಾಗ ನನಗೆ ಬರುತ್ತದೆ.
ಮಾತು ಅವ್ವನ ಬಾಯಲ್ಲೇ ಉಳಿಯಿತು.'

ಅಷ್ಟು ಹೇಳಿ ಮೂಗಿನಲ್ಲೇ ಎತ್ತಿಕೊಂಡಳು.
ಇಳಿಯಿತು, ಏರಿತು, ಎಲ್ಲೋ ನಡುವೆ
ಕೈ ಸೋತ ಹಾಗೆ ತೇಲಿತು, ಮತ್ತೆ...
ಕರೆಂಟು ಬಂತು.
ನನ್ನ ಕಾಲು ಪೆಡಲಿನ ಮೇಲೇ ಇತ್ತು.
ಮಷೀನು ಭರ್ರೆಂದು
ಬಟ್ಟೆಯಿಲ್ಲದ ಜಾಗವನ್ನು ಹೊಲಿಯಿತು.
ನಿಲ್ಲಿಸುವಷ್ಟರಲ್ಲಿ ಅವಳು ಮುಗಿಸಿಯಾಗಿತ್ತು,
ದುಡ್ಡು ಎಷ್ಟು ಎಂದು ಕೇಳುತ್ತಿದ್ದಳು.

ನಲವತ್ತು ವರ್ಷ ಹೊಳೆಯ ಪಕ್ಕ ಅಂಗಡಿ, ನನಗೆ ಈಜು ಬಾರದು.
ಗೇಣು ಮಾತ್ರ ಗೊತ್ತು: ಮೂರೆಂದರೆ ಇಪ್ಪತ್ತೇಳು ಅಂಗುಲ.
ಆ ರಾತ್ರಿ ಪುಸ್ತಕ ತೆರೆದು ನೋಡಿದೆ,
ಚೋಮಿಯ ಮೊಮ್ಮಗಳು, ಲಂಗದ ಉದ್ದ
ಇಪ್ಪತ್ತಾರೂವರೆ.